ನೀಲವ್ವ ಬಿಟ್ಟ ಸಾಲಿ

ಅಚ್ಚಿನ ಮಸಿಯ ವಾಸನೆ ಇನ್ನೂ ಹೋಗದ, ಎರಡು ಶಾಲೆಗಳ ಪ್ರವೇಶದ ಫಾರ್ಮುಗಳನ್ನು ಬಸು ನನ್ನ ಮುಂದೆ ಚಾಪೆಯ ಮೇಲೆ ಇಟ್ಟ. ಬಸು ನನ್ನ ತಂಗಿ ನೀಲವ್ವನ ಮಗ. ನಾವು ಕೂತದ್ದು ತಿಕೋಟಾದ ಅವನ ಮನೆಯಲ್ಲಿ. ನೀಲವ್ವ ತೀರಿಕೊಂಡು ಅಂದಿಗೆ ಒಂದು ತಿಂಗಳಾಗಿತ್ತು. ಬಂದ ಬೀಗರು ಉಂಡು ಹೋಗಿದ್ದರು. ಪಡಸಾಲೆಯಲ್ಲಿ ನಾವಿಬ್ಬರೇ ಉಳಿದಿದ್ದೆವು.

“ಮಾಮಾ, ಇದೊಂದ ನೋಡಿ ಹೇಳ್ರಿ,” ಅಂದ. “ನಮ್ಮ ಪ್ರವೀಣ ಎಂಟನೇ ವರ್ಗಕ್ಕ ಬಂದ. ಇದು ವಿಜಯಪುರದಾಗಿನ ಗಂಡ ಹುಡುಗರ ಸಾಲಿ. ಅಲ್ಲೇ ಇರೂದು, ಅಲ್ಲೇ ಉಣ್ಣೂದು. ಇದು ಇಲ್ಲೇ ನಮ್ಮೂರಂದು, ಹುಡುಗ್ರು ಹುಡುಗ್ಯಾರು ಕೂಡೇ. ಯಾವದ ಛಲೋ?”

“ನಾ ಏನ ಹೇಳ್ಲೋ?”

“ನೀವ ಎರಡೂ ನಮೂನಿ ಸಾಲ್ಯಾಗ ಓದಿದಾವ್ರು. ನಮ್ಮವ್ವಗಂತೂ ಓದು ತಲಿಗೆ ಹತ್ತಲಿಲ್ಲ. ಅಕಿನ ಹೇಳತಿದ್ಲಲ್ಲ. ನಂದೂ ಅಷ್ಟಕ್ಕಷ್ಟ.”

ಅವನು ನಗುತ್ತಲೇ ಹೇಳಿದ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ನೀಲವ್ವನಿಗೆ ಓದು ತಲೆಗೆ ಹತ್ತಲಿಲ್ಲ ಎಂಬುದು ಸುಳ್ಳು. ಆ ಸುಳ್ಳನ್ನು ಅವಳು ಬದುಕಿಡೀ ಹೇಳಿಕೊಂಡು ಬಂದದ್ದು ನನ್ನ ಸಲುವಾಗಿ. ಅದನ್ನು ಸರಿಮಾಡಬೇಕಾದವನು ನಾನೊಬ್ಬನೇ ಉಳಿದಿದ್ದೆ.

ನಿಮಗೆ ಮೊದಲಿನಿಂದ ಹೇಳುತ್ತೇನೆ. ನಮ್ಮದು ಜೈನಾಪುರ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಊರಿನ ಸಾಲಿ ಏಳನೆಯದಕ್ಕೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಬಬಲೇಶ್ವರದ ಹೈಸ್ಕೂಲಿಗೆ ನಡೆಯಬೇಕು. ನಾನು ಒಂಬತ್ತನೆಯದರಲ್ಲಿದ್ದಾಗ ನೀಲವ್ವ ಎಂಟನೆಯದಕ್ಕೆ ಬಂದಳು. ಆ ವರ್ಷ ನಮ್ಮ ಊರಿನಿಂದ ಹೋಗುತ್ತಿದ್ದವರು ನಾವಿಬ್ಬರೇ. ಅವಳನ್ನು ಕಳಿಸಲು ಅಪ್ಪ ಒಪ್ಪಿದ್ದೂ ಒಂದೇ ಕಾರಣಕ್ಕೆ. “ಅಣ್ಣ ಅದಾನ ಅಂತ ಕಳಸ್ತೇನಿ. ಅಂವ ಇಲ್ಲದ ದಿನ ನೀನೂ ಇಲ್ಲ,” ಎಂದು ಅವಳಿಗೆ ಮೊದಲೇ ಹೇಳಿದ್ದ. ನನಗೆ ಜ್ವರ ಬಂದರೆ ಅವಳ ಸಾಲಿಯೂ ತಪ್ಪುತ್ತಿತ್ತು. ಅದಕ್ಕಾಗಿಯೇ ಇರಬೇಕು, ನಾನು ಮಳೆಯಲ್ಲಿ ನೆನೆದು ಬಂದರೆ ಅವ್ವನಿಗಿಂತ ಮೊದಲು ಅವಳೇ ಓಡಿಬಂದು ನನ್ನ ತಲೆ ಒರೆಸುತ್ತಿದ್ದಳು.

ಹೈಸ್ಕೂಲಿನಲ್ಲಿ ಹುಡುಗಿಯರು ಒಟ್ಟು ಏಳೆಂಟು ಮಂದಿ. ಅವರು ವರ್ಗದಲ್ಲಿ ತಾವಾಗಿ ಬಂದು ಕೂಡುವಂತಿರಲಿಲ್ಲ. ಮಾಸ್ತರರ ಕೋಣೆಯ ಹೊರಗೆ ಗೋಡೆಗೆ ಆತು ನಿಂತಿರುತ್ತಿದ್ದರು. ಗಂಟೆ ಆದಮೇಲೆ ಮಾಸ್ತರರು ಮುಂದೆ, ಅವರ ಬೆನ್ನ ಹಿಂದೆ ಸಾಲಾಗಿ ಇವರು. ಪಾಠ ಮುಗಿದರೆ ಮತ್ತೆ ಮಾಸ್ತರರ ಬೆನ್ನ ಹಿಂದೆಯೇ ಹೊರಗೆ. ಕೂಡಿ ಕಲಿಯುವ ಸಾಲಿ ಎಂದು ಹೆಸರಿಗೆ ಹೇಳಬೇಕು ಅಷ್ಟೆ. ಎರಡು ವರ್ಷದಲ್ಲಿ ನನ್ನ ವರ್ಗದ ಒಬ್ಬ ಹುಡುಗಿಯ ಜೊತೆಗೂ ನಾನು ಒಂದು ಮಾತು ಆಡಲಿಲ್ಲ. ಯಾರೂ ಆಡುತ್ತಿರಲಿಲ್ಲ. ಆಡಿದವನ ಗತಿ ಮೂರು ದಿನ ಕೇಳುವಂತಿರಲಿಲ್ಲ. ಆದರೆ ಎಲ್ಲರೂ ಅವರ ಸಲುವಾಗಿಯೇ ದನಿ ದಪ್ಪ ಮಾಡಿಕೊಂಡು ಓದುತ್ತಿದ್ದೆವು. ಮಾಸ್ತರರ ಬೆತ್ತ ಬಿದ್ದಾಗ ನಾನು ಅಳು ನುಂಗಿ ನಗುತ್ತಿದ್ದೆ. ಹಾಗೆ ನಗುವಾಗ ಒಂದು ಕಣ್ಣು ಹುಡುಗಿಯರ ಬೆಂಚಿನ ಕಡೆಗೇ ಇರುತ್ತಿತ್ತು ಎಂಬುದನ್ನು ಈ ವಯಸ್ಸಿನಲ್ಲಿ ಒಪ್ಪಿಕೊಂಡರೆ ತಪ್ಪಿಲ್ಲ.

ತಂಗಿಯಾದರೂ ಹುಡುಗಿಯೇ ಅಲ್ಲವೇ. ಬಬಲೇಶ್ವರದ ಮನೆಗಳು ಕಾಣಿಸತೊಡಗಿದ ಕೂಡಲೇ ನಾನು ನಡಿಗೆ ನಿಧಾನ ಮಾಡುತ್ತಿದ್ದೆ. ಅವಳು ಮುಂದೆ ಹೋಗಿಬಿಡಲಿ ಎಂದು. ಅವಳಿಗೆ ಅದು ತಿಳಿಯುತ್ತಿತ್ತು. ಏನೂ ಹೇಳದೆ ಜೋರಾಗಿ ನಡೆದುಬಿಡುತ್ತಿದ್ದಳು. ಸಂಜೆ ಊರು ದಾಟಿದ ಮೇಲೆ ಒಂದು ಜಾಲಿಗಿಡದ ಕೆಳಗೆ ನಿಂತಿರುತ್ತಿದ್ದಳು. ಅಲ್ಲಿಂದ ಮನೆಯ ತನಕ ಬಾಯಿ ನಿಲ್ಲುತ್ತಿರಲಿಲ್ಲ. ವರ್ಗಕ್ಕೇ ಅವಳು ಮೊದಲು, ಲೆಕ್ಕದಲ್ಲಂತೂ ಎಲ್ಲರಿಗಿಂತ ಮುಂದೆ. ನನ್ನ ಒಂಬತ್ತನೆಯದರ ಲೆಕ್ಕಗಳನ್ನೂ ದಾರಿಯಲ್ಲಿ ಬಾಯಿಂದಲೇ ಬಿಡಿಸಿ ಹೇಳುತ್ತಿದ್ದಳು. ಮರುದಿನ ಅವನ್ನು ನಾನು ಹಲಗೆಯ ಮೇಲೆ ಬರೆದು ಶಾಬಾಸ್ ಅನಿಸಿಕೊಳ್ಳುತ್ತಿದ್ದೆ.

ಒಂದು ದಿನ ನನ್ನ ಬೆಂಚಿನ ಮಲ್ಲಪ್ಪ ಕೇಳಿದ. “ದಿನಾ ನಿನ್ನ ಮುಂದ ಮುಂದ ಬರ್ತಾಳಲ್ಲ, ಆ ಹುಡುಗಿ ಯಾರಲೇ?”

“ನಮ್ಮೂರಾಕಿ,” ಅಂದೆ.

“ನಿನಗೇನ ಆಗಬೇಕು?”

“ಏನಿಲ್ಲ. ಊರಾಕಿ ಅಷ್ಟ.”

ತಿರುಗಿ ನೋಡಿದರೆ ನೀಲವ್ವ ಕುಡಿಯುವ ನೀರಿನ ಹಂಡೆಯ ಹತ್ತಿರ ನಿಂತಿದ್ದಳು. ಕೇಳಿಸಿತ್ತು. ಸಂಜೆ ಜಾಲಿಗಿಡದ ಕೆಳಗೆ ನನ್ನನ್ನು ಕಂಡವಳೇ, “ನನ್ನ ಯಾರರೆ ಕೇಳಿದ್ರ ನಾ ಏನ ಹೇಳ್ಲಿ? ನೀನೂ ನಮ್ಮೂರಾಂವ ಅನ್ಲೇನು?” ಅಂದಳು. ಚೇಷ್ಟೆಯ ದನಿಯಲ್ಲೇ ಅಂದಳು. ನಾನೂ ನಕ್ಕೆ.

ಹುಡುಗರು ಮಾತ್ರ ಅದನ್ನು ಅಲ್ಲಿಗೆ ಬಿಡಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಸಾಲಿಯ ಸುಣ್ಣದ ಗೋಡೆಯ ಮೇಲೆ ಇದ್ದಲಿಯಿಂದ ನನ್ನ ಹೆಸರು, ಮುಂದೊಂದು ಕೂಡಿಸುವ ಗುರುತು, ಅದರ ಮುಂದೆ ನೀಲವ್ವನ ಹೆಸರು. ಕೆಳಗೆ ದಪ್ಪ ಅಕ್ಷರದಲ್ಲಿ ‘ಜೈನಾಪುರ ಜೋಡಿ’. ದಿನವೂ ಒಂದೇ ದಾರಿಯಿಂದ ಬಂದು ಊರ ಹತ್ತಿರ ದೂರ ದೂರ ಆಗುವ ಇಬ್ಬರನ್ನು ನೋಡಿದವರು ಇನ್ನೇನು ತಿಳಿದುಕೊಳ್ಳಬೇಕು, ನೀವೇ ಹೇಳಿ. ಅಳಿಸುವುದಕ್ಕೆ ಗಂಟೆ ಬಾರಿಸುವ ಸಿಪಾಯಿ ಬರುವ ಮೊದಲೇ ನಮ್ಮ ಅಪ್ಪ ಬಂದ. ಬೀಜ ಒಯ್ಯಲು ಬಬಲೇಶ್ವರಕ್ಕೆ ಬಂದವನು ನಾವು ಮರೆತ ಬುತ್ತಿ ಕೊಟ್ಟುಹೋಗಲು ಸಾಲಿಗೆ ಹೊಕ್ಕಿದ್ದ. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದುವವನು. ಆ ಗೋಡೆಯ ಮುಂದೆ ಅವನು ತುಟಿ ಅಲುಗಿಸುತ್ತ ನಿಂತಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಹೆಡ್‌ಮಾಸ್ತರರ ಕೋಣೆಗೆ ನಮ್ಮಿಬ್ಬರನ್ನೂ ಕರೆಸಿದರು.

“ಇದೆಂಥಾ ಸಾಲಿರಿ ಮಾಸ್ತರ? ಒಡಹುಟ್ಟಿದಾವ್ರನ್ನೂ ಬಿಡೂದಿಲ್ಲಂದ್ರ?” ಅಪ್ಪನ ದನಿ ಏರಿರಲಿಲ್ಲ. ಅದೇ ಹೆಚ್ಚು ಅಂಜಿಕೆಯಾಗುತ್ತಿತ್ತು.

“ಹುಡುಗ್ರಿಗೆ ಗೊತ್ತಿರಲಿಕ್ಕಿಲ್ಲರಿ, ಇವರು ಅಣ್ಣ-ತಂಗಿ ಅಂತ.”

“ಗೊತ್ತಿಲ್ಲಂದ್ರ? ಇವಗ ಬಾಯಿಲ್ಲೇನು ಹೇಳಾಕ?”

ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು. ‘ನಾನೇ ಊರಾಕಿ ಅಂತ ಹೇಳಿದ್ದೆರಿ’ ಅಂದಿದ್ದರೆ ನಾಲ್ಕು ಏಟು ಬಿದ್ದು ಅಲ್ಲಿಗೇ ಮುಗಿಯುತ್ತಿತ್ತು. ನಾನು ನೆಲ ನೋಡಿದೆ. ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಅವಳೂ ಹೇಳಲಿಲ್ಲ. ಅವಳು ನನ್ನ ಮುಖ ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅದು ನಾನು ಮಾಡಿಕೊಂಡ ಸಮಾಧಾನ.

ಅಪ್ಪನ ತೀರ್ಮಾನ ಮನೆ ಮುಟ್ಟುವ ಮೊದಲೇ ಆಗಿತ್ತು. ಪರೀಕ್ಷೆ ಮುಗಿದ ಮೇಲೆ ನನ್ನನ್ನು ಬಿಜಾಪುರದಲ್ಲಿ, ಅಲ್ಲೇ ಇದ್ದು ಓದುವ ಗಂಡು ಹುಡುಗರ ಸಾಲಿಗೆ ಹಾಕುವುದು. ಈಗಿನ ವಿಜಯಪುರಕ್ಕೆ ಆಗ ನಮ್ಮ ಬಾಯಲ್ಲಿ ಅದೇ ಹೆಸರು. ನೀಲವ್ವ ಮರುದಿನದಿಂದಲೇ ಮನೆಯಲ್ಲಿ. ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. “ಪರೀಕ್ಷಾ ಒಂದ ಕೊಡ್ತೇನಿ ಯಪ್ಪಾ,” ಎಂದು ಒಮ್ಮೆ ಕೇಳಿದಳು. ಅಪ್ಪ ತಲೆ ಅಲ್ಲಾಡಿಸಿದ. ಎರಡನೆಯ ಸಲ ಅವಳು ಕೇಳಲಿಲ್ಲ. ನಾನು ಮಾತ್ರ ಆ ಎರಡು ತಿಂಗಳು ಒಬ್ಬನೇ ನಡೆದುಹೋಗಿ ಪರೀಕ್ಷೆ ಕೊಟ್ಟು ಬಂದೆ. ಲೆಕ್ಕದಲ್ಲಿ ಅಂಚಿಗೆ ಪಾಸಾದೆ.

ಗಂಡು ಹುಡುಗರ ಸಾಲಿಯಲ್ಲಿ ನಾನು ಸುಖವಾಗಿದ್ದೆ. ಇದನ್ನು ಮುಚ್ಚಿಡಬಾರದು. ಅಲ್ಲಿ ಯಾರಿಗೂ ಯಾವ ಬೆಂಚಿನ ಕಡೆಗೂ ನೋಡುವ ಕೆಲಸವಿರಲಿಲ್ಲ. ಹಬ್ಬ ಬಂದರೆ ರಂಗೋಲಿ ನಾವೇ ಹಾಕುತ್ತಿದ್ದೆವು, ಹರಿದ ಅಂಗಿಗೆ ಗುಂಡಿ ನಾವೇ ಹಚ್ಚುತ್ತಿದ್ದೆವು. ಕಾಖಂಡಕಿಯ ಒಬ್ಬ ದಾಂಡಿಗ ಹುಡುಗ ಮೊದಲ ವಾರವೆಲ್ಲ ಊಟಕ್ಕೆ ಕುಳಿತಾಗ ಅವ್ವನನ್ನು ನೆನೆದು ಅಳುತ್ತಿದ್ದ. ಯಾರೂ ನಗಲಿಲ್ಲ, ಅವನ ತಾಟಿಗೆ ಇನ್ನೊಂದು ರೊಟ್ಟಿ ಇಡುತ್ತಿದ್ದರು. ಬಬಲೇಶ್ವರದಲ್ಲಿ ಅವನು ಹಾಗೆ ಅತ್ತಿದ್ದರೆ ಸಾಲಿ ಬಿಡಬೇಕಾಗುತ್ತಿತ್ತು. ನಾನು ಅಲ್ಲಿ ದನಿ ದಪ್ಪ ಮಾಡಿಕೊಳ್ಳುವುದನ್ನು ಬಿಟ್ಟೆ. ಹುಡುಗಿಯರಿಲ್ಲದ ಕಡೆ ಹುಡುಗರು ಒರಟರಾಗುತ್ತಾರೆ ಎನ್ನುವವರಿದ್ದಾರೆ. ನಾನು ಕಂಡದ್ದು ಹಾಗಲ್ಲ.

ಆದರೆ ಹುಡುಗಿ ಅಂದರೆ ಏನು ಎಂಬುದು ಅಲ್ಲಿ ದಿನದಿನಕ್ಕೆ ಮರೆಯುತ್ತ ಬಂತು. ಗ್ಯಾದರಿಂಗಿಗೆ, ಅಂದರೆ ಸಾಲಿಯ ವಾರ್ಷಿಕೋತ್ಸವಕ್ಕೆ, ಮಾಸ್ತರರು ತಾವೇ ಒಂದು ಸಣ್ಣ ನಾಟಕ ಬರೆದರು. ತೆಳ್ಳಗಿದ್ದೇನೆಂದು ಅದರಲ್ಲಿ ಸೊಸೆಯ ಪಾತ್ರ ನನಗೆ ಬಂತು. ತಾಲೀಮಿನಲ್ಲಿ ನಾನು ಸೊಂಟ ತಿರುವಿ, ಬೆರಳು ಕಚ್ಚಿ, ನೆಲ ಕೆರೆದು ಮಾಡಿದ್ದೇ ಮಾಡಿದ್ದು. ದೀಪಾವಳಿಯ ರಜೆಗೆ ಊರಿಗೆ ಬಂದಾಗ ದನದ ಕೊಟ್ಟಿಗೆಯಲ್ಲಿ ನೀಲವ್ವನ ಮುಂದೆ ಮಾಡಿ ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹಂಗ್ಯಾಕ ನುಲಿಯಾಕತ್ತೀಯೋ ಅಣ್ಣಾ?”

“ಹುಡುಗ್ಯಾರು ಹಂಗ ನಡೀತಾರಲ್ಲ.”

“ಯಾರ ಹೇಳಿದ್ರು? ನೀರಿಗೆ ಹೊಂಟಾಕಿಗೆ ನುಲಿಯಾಕ ಎಲ್ಲಿ ಪುರಸೊತ್ತೈತಿ? ತುಂಬಿದ ಕೊಡ ತಲಿಮ್ಯಾಲ ಇಟಗೊಂಡು ನಡಿ. ತಾನ ಬರತೈತಿ.”

ಎಂಟು ದಿನ ಕೊಡ ಹೊರಿಸಿದಳು. ಸೊಸೆ ಸಿಟ್ಟಾಗುವ ಕಡೆ ನಾನು ಕೈ ಬೀಸಿ ಕೂಗುವುದನ್ನು ನೋಡಿ, “ಅದೂ ತಪ್ಪು. ನಮಗ ಖರೇನ ಸಿಟ್ಟ ಬಂತಂದ್ರ ನಾವು ಸುಮ್ಮ ಆಕ್ಕೇವಿ,” ಅಂದಳು. ನಾನು ತಾಲೀಮು ಮಾಡುವಷ್ಟು ಹೊತ್ತು ಅವಳ ತೊಡೆಯ ಮೇಲೆ ನನ್ನ ಹತ್ತನೆಯದರ ಬೀಜಗಣಿತದ ಪುಸ್ತಕ ತೆರೆದಿರುತ್ತಿತ್ತು. ರಜೆ ಮುಗಿಯುವಾಗ ಅದರ ಅಂಚಿನಲ್ಲೆಲ್ಲ ಅವಳ ಸಣ್ಣ ಅಂಕಿಗಳು.

ನಾಟಕದಲ್ಲಿ ಸಿಟ್ಟಿನ ಜಾಗ ಬಂದಾಗ ನಾನು ಸುಮ್ಮನೆ ನಿಂತೆ. ಇಡೀ ಮಂಟಪ ಸುಮ್ಮನಾಯಿತು. ನನಗೆ ಬಹುಮಾನ ಬಂತು. ಅವಳು ಯಾರ ಮೇಲೆ ಸುಮ್ಮನಾಗಿದ್ದಾಳೆ ಎಂಬುದು ಅಂದು ಹೊಳೆಯಲಿಲ್ಲ. ಹೊಳೆಯಲು ಇನ್ನೂ ವರ್ಷಗಳು ಬೇಕಾದವು. ಅಷ್ಟರಲ್ಲಿ ಅವಳ ಲಗ್ನವಾಗಿ ತಿಕೋಟಾಕ್ಕೆ ಹೋಗಿದ್ದಳು. ನಾನು ಶಹರದ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಬಸು ಹುಟ್ಟಿ, ಸಾಲಿಗೆ ಹೋಗುವಂತಾಗಿ, “ನೀ ಯಾಕ ಸಾಲಿ ಬಿಟ್ಟಿಬೇ?” ಎಂದು ಕೇಳಿದಾಗ ಅವಳು ನನ್ನ ಎದುರಿಗೇ, “ತಲಿಗೆ ಹತ್ತಲಿಲ್ಲಪಾ,” ಅಂದಳು. ನಾನು ಚಹಾ ಕುಡಿಯುತ್ತ ಕೂತಿದ್ದೆ.

ಅವಳು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಕೇಳಿದೆ. “ಮಕ್ಕಳಿಗೆ ಖರೇ ಹೇಳಬಾರದಿತ್ತೇನ ನೀಲವ್ವಾ?”

“ಅವರ ಮಾಮಾನ ಮರ್ಯಾದಿ ಕಮ್ಮಿ ಆಗಬಾರ್ದು ಅಂತ ಮೊದಲ ಹಂಗ ಹೇಳ್ದೆ. ಆಮ್ಯಾಲ ರೂಢಿ ಆತು.” ಗೋಡೆಯ ಕಡೆ ಮಗ್ಗುಲಾಗಿ, “ನೀನ ಹೇಳ್ತಿ ಅಂತ ಮಾಡಿದ್ದೆ,” ಅಂದಳು.

“ಹೇಳ್ತೇನಿ. ಈಗಿಂದೀಗ ಹೇಳ್ತೇನಿ.”

“ಈಗ ಬ್ಯಾಡೋ. ಉಣ್ಣಾಕ ಕುಂತಾರ.”

ಮುಂದಿನ ಸಲ ಹೇಳಿದರಾಯಿತು ಎಂದು ಬಸ್ಸು ಹತ್ತಿದೆ. ಮುಂದಿನ ಸಲ ನಾನು ಹೋದದ್ದು ಅವಳ ಮಣ್ಣಿಗೆ.

ಹಾಗಾಗಿ ಬಸು ನಗುತ್ತ ಆ ಮಾತು ಅಂದಾಗ ನಾನು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದೆ. ಆಮೇಲೆ ಅವನ ಇಬ್ಬರು ಮಕ್ಕಳನ್ನೂ ಕರೆ ಅಂದೆ. ಪ್ರವೀಣ ಬಂದ. ಅವನಿಗಿಂತ ಒಂದು ವರ್ಷ ಸಣ್ಣವಳಾದ ಪೂಜಾ ಬಂದಳು.

“ನಿಮ್ಮಣ್ಣ ವಿಜಯಪುರಕ್ಕ ಹ್ವಾದ್ರ ನೀ ಸಾಲಿಗೆ ಹ್ಯಾಂಗ ಹೋಗ್ತಿಯವ್ವಾ?” ಎಂದು ಅವಳನ್ನು ಕೇಳಿದೆ.

ಅವಳು ಅಪ್ಪನ ಮುಖ ನೋಡಿದಳು, ನನಗೆ, ಅವಳ ಮುತ್ಯಾನಿಗೆ, ಏನಾಗಿದೆ ಎಂಬಂತೆ. “ಈಗ ಹೋಗ್ತೇನಲ್ರಿ, ಹಂಗ. ಸೈಕಲ್ ಮ್ಯಾಲ. ಇಂವಗ ಕಾಯ್ಕೋತ ನಿಂತ್ರ ನನಗ ದಿನಾ ತಡಾ ಆಕ್ಕೈತಿ.”

ನನಗೆ ನಗು ಬಂತು. ಒಂದು ತಿಂಗಳಾದ ಮೇಲೆ ಬಂದ ಮೊದಲ ನಗು. ಆ ನಗು ಇರುವಾಗಲೇ ಹೇಳಿಬಿಟ್ಟೆ. ನೀರಿನ ಹಂಡೆ, ಮಲ್ಲಪ್ಪ, ಗೋಡೆ, ಹೆಡ್‌ಮಾಸ್ತರರ ಕೋಣೆಯಲ್ಲಿ ನಾನು ನೋಡಿದ ನೆಲ, ಎಲ್ಲ. “ನಿಮ್ಮವ್ವಗ ಓದು ಹತ್ತಲಿಲ್ಲ ಅನ್ನೂದು ಸುಳ್ಳ ಬಸು. ಅಕಿ ಸಾಲಿ ಬಿಟ್ಟದ್ದು ನನ್ನ ಸಲುವಾಗಿ. ನಾ ಬಾಯಿ ಬಿಡಲಿಲ್ಲ.”

ಬಸು ಫಾರ್ಮುಗಳನ್ನು ತನ್ನ ಕಡೆ ಎಳೆದುಕೊಂಡ. ನೀಲವ್ವನ ಮಗ, ಅವಳ ಹಾಗೆಯೇ ಸುಮ್ಮನಾದ. ಅದು ನನಗೆ ಸಲ್ಲಬೇಕಾದದ್ದೇ.

“ಅದಕ್ಕ ಆಯಿ ನನ್ನ ಲೆಕ್ಕ ತಪ್ಪಿದ್ರ ದೂರಿಂದ ನೋಡೇ ಹಿಡೀತಿದ್ಲು,” ಅಂದಳು ಪೂಜಾ. ಬಸುವಿಗೆ ಗೊತ್ತಿರದ ಅವನ ಅವ್ವನೊಬ್ಬಳು ಈ ಮೊಮ್ಮಗಳಿಗೆ ಗೊತ್ತಿದ್ದಳು.

ಯಾವ ಸಾಲಿ ಛಲೋ ಎಂದು ನಾನು ಕೊನೆಗೂ ಹೇಳಲಿಲ್ಲ. ಎರಡರಲ್ಲೂ ಓದಿದ್ದೇನೆ, ಒಂದರಲ್ಲಿ ಅಂಜಿದೆ, ಇನ್ನೊಂದರಲ್ಲಿ ಮರೆತೆ. ಪ್ರವೀಣ ಹೋದರೂ ಇದ್ದರೂ ಅವನ ತಂಗಿಯ ಸಾಲಿ ನಿಲ್ಲುವುದಿಲ್ಲ. ನನಗೆ ತಿಳಿಯಬೇಕಾಗಿದ್ದದ್ದು ಅಷ್ಟೇ ಆಗಿತ್ತು. ಉಳಿದದ್ದನ್ನು ಅವರೇ ಕೂತು ಮಾತಾಡಲಿ.

ಅಷ್ಟು ಹೊತ್ತು ಬಾಗಿಲಿಗೆ ಆತು ನಿಂತಿದ್ದ ಪ್ರವೀಣ ಹತ್ತಿರ ಬಂದು ಕೂತ. “ಮುತ್ಯಾ, ಆಯಿ ವರ್ಗದಾಗ ಎಷ್ಟನೇ ನಂಬರ್ ಇದ್ಲು?”

“ಒಂದನೇ ನಂಬರ್.”

“ಹುಡುಗ್ಯಾರಾಗೇನ್ರಿ?”

“ಅಲ್ಲಪಾ,” ಅಂದೆ. “ಎಲ್ಲಾರಾಗ.”