ದಿಂಬಿನೊಳಗಿನ ರೊಟ್ಟಿ

ಕೊಡವಲೆಂದು ಗಂಡನ ದಿಂಬು ಎತ್ತಿದರೆ, ಅದರ ಚೀಲದೊಳಗಿಂದ ಜೋಳದ ರೊಟ್ಟಿಯ ತುಂಡುಗಳು ಉದುರಿದವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವರಿಗೆಂದು ಅಡುಗೆಕಟ್ಟೆಯ ಮೇಲೆ ನಾನೇ ಮುಚ್ಚಿಟ್ಟ ರೊಟ್ಟಿ.

“ಇದೇನ್ರಿ, ಹಾಸಗ್ಯಾಗ ಇಲಿ ಸಾಕೀರೇನು?” ಎಂದೆ.

ಅವರು ನಗಲಿಲ್ಲ. “ನುಂಗಾಕ ಆಗವಲ್ದು. ಇಷ್ಟ ದಿನಾ ಮೋತ್ಯಾಗ ಹಾಕ್ತಿದ್ದೆ. ನೀ ಅದನ್ನ ಹೊರಗ ಕಟ್ಟೀದಿ, ಇನ್ನೆಲ್ಲಿ ಒಗೀಲಿ?”

ಮೋತ್ಯಾ ನಮ್ಮ ನಾಯಿ. ಯೆರವಡಾದ ನಮ್ಮ ಖೋಲಿಗೆ ಸಂಜೆ ನಾನು ಮರಳಿದಾಗ ತಾಟು ಖಾಲಿ ಇರುತ್ತಿತ್ತು, ಕಟ್ಟೆಯ ಕೆಳಗೆ ಅದು ಬಾಯಿ ನೆಕ್ಕುತ್ತ ಕುಳಿತಿರುತ್ತಿತ್ತು. ಕೇಳಿದರೆ ಗಂಡ, “ನಾಯಿ ತಿಂತು” ಎನ್ನುತ್ತಿದ್ದರು. ಅವರು ಸೊರಗುತ್ತಿರುವುದು ಇದರ ಕಳ್ಳತನದಿಂದಲೇ ಎಂದು ಲಟ್ಟಣಿಗೆಯಿಂದ ಹೊಡೆದೆ. ಅದಕ್ಕೂ ಕಳವು ನಿಲ್ಲದಿದ್ದಾಗ ಬಾಗಿಲ ಹೊರಗೆ ಕಟ್ಟಿಹಾಕಿದೆ.

ದವಾಖಾನೆಯಲ್ಲಿ ಗಂಟಲು ನೋಡಿದ ಡಾಕ್ಟರು, “ಉಶೀರ ಝಾಲಾ, ಆಜಿ” ಎಂದರು. ತಡವಾಗಿತ್ತು. ದೀಪಾವಳಿಗೆ ಅವರು ಇರಲಿಲ್ಲ.

ಹಗ್ಗ ಬಿಚ್ಚಿದ್ದೇನೆ. ಈಗ ಕಟ್ಟೆಯ ಮೇಲೆ ರೊಟ್ಟಿ ತೆರೆದಿಟ್ಟು ಹೋದರೂ ಮೋತ್ಯಾ ಮುಟ್ಟುವುದಿಲ್ಲ. ಮುರಿದು ಕೊಡಲು ಕೈ ಚಾಚಿದರೆ, ಹೊಡೆಯುತ್ತೇನೆಂದು ಹಿಂದೆ ಸರಿಯುತ್ತದೆ.