ಕೀ ಹಿಂದಕ್ಕೆ ಹಾಕಿದವರು

ಆ ದಿನ ನಾನು ನಿಂತಿದ್ದದ್ದು ಮ್ಯಾನೇಜರ್ ಕೋಣೆಯ ಒಳಗೆ, ಬಾಗಿಲಿನಿಂದ ಎರಡು ಹೆಜ್ಜೆ, ಪ್ರಿಂಟರ್ ಪಕ್ಕದಲ್ಲಿ. ಬುಧವಾರ, ಬೆಳಗ್ಗೆ ಹನ್ನೊಂದೂಕಾಲು. ವಿಜಯನಗರದ ಒಂದು ಬೇಕರಿಯ ಮೇಲೆ, ಎರಡನೇ ಮಹಡಿ. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದನ್ನೂ ಕಂಡಷ್ಟೇ ಹೇಳುತ್ತೇನೆ.

ನೆನಪು ಬಂದದ್ದು ಒಂದು ಬಟ್ಟೆಯಿಂದ. ಹೋದ ಭಾನುವಾರ ಹಳೆಯ ಬ್ಯಾಗನ್ನು ಒಗೆಯಲು ಹಾಕುವ ಮುನ್ನ ಜೇಬು ತಡವಿದಾಗ ಹೆಡ್‌ಫೋನಿನ ಕಿವಿಗಳಿಗೆ ತೊಡಿಸುವ ಎರಡು ಪುಟ್ಟ ಟೊಪ್ಪಿಗಳು ಸಿಕ್ಕವು. ಹಸಿರು ಹೂವಿನ ಹಳೆಯ ವಾಯಿಲ್ ಸೀರೆಯ ಬಟ್ಟೆ, ಅಂಚಿಗೆ ಎಲಾಸ್ಟಿಕ್. ಆಫೀಸಿನ ಹನ್ನೆರಡು ಜನಕ್ಕೂ ಅಂಥವನ್ನು ಹೊಲಿದು ಕೊಟ್ಟವರು ಬೋರ್ಡ್ ಆಂಟಿ. ಎರಡು ಪಾಳಿಯವರು ಒಂದೇ ಹೆಡ್‌ಫೋನ್ ಹಾಕುತ್ತಿದ್ದೆವು. "ಒಬ್ರ ಕಿವೀದು ಇನ್ನೊಬ್ರಿಗೆ ಹತ್ಬಾರ್ದು" ಎಂದಿದ್ದರು.

ನಮ್ಮ ಕೆಲಸ ಕೇಳಿ ಬರೆಯುವುದು. ಜನ ಫೋನಿನೊಂದಿಗೆ ಕನ್ನಡದಲ್ಲಿ ಆಡಿದ ಮಾತಿನ ತುಣುಕುಗಳು ನಮ್ಮ ಪರದೆಗೆ ಬರುತ್ತಿದ್ದವು. ಫೋನು ಕನ್ನಡ ಕಲಿಯಲೆಂದು ನಾವು ಅವನ್ನು ಅಕ್ಷರಕ್ಕಿಳಿಸಬೇಕಿತ್ತು. ಅವು ಯಾವ ಕಂಪನಿಯವೆಂದು ಯಾರೂ ಹೇಳಲಿಲ್ಲ. 'ಕ್ಲೈಂಟ್' ಎನ್ನುತ್ತಿದ್ದರು, ಅದೂ ಧ್ವನಿ ತಗ್ಗಿಸಿ. ಬರೆದ ತುಣುಕಿಗಷ್ಟೇ ಕೂಲಿ. ಕೇಳಿಸದಿದ್ದರೆ 'ಅಸ್ಪಷ್ಟ' ಎಂಬ ಗುಂಡಿ ಒತ್ತಬೇಕು. ಅದಕ್ಕೆ ಕೂಲಿ ಇಲ್ಲ. ಹೆಚ್ಚಿನವು ಮಳೆ ಬರುತ್ತಾ, ದಾರಿ ಯಾವುದು ಎಂಬಂಥ ಮಾತುಗಳು. ಆದರೆ ಕೆಲವು ಸಲ ಯಾರೂ ಕರೆಯದೆಯೇ ಫೋನು ಎಚ್ಚರವಾಗಿ ಕೇಳಿಸಿಕೊಂಡುಬಿಟ್ಟಿರುತ್ತಿತ್ತು. ಗಂಡ ಹೆಂಡತಿಯ ಜಗಳ, ಡಾಕ್ಟರ ಕೋಣೆ, ಅಳು...

ಆಂಟಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು; ಹೊರಗಿನಿಂದ ಬಂದ ಕರೆಗಳನ್ನು ಒಳಗಿನವರಿಗೆ ಸೇರಿಸುವ ಕೆಲಸ. ಕಾರ್ಖಾನೆ ಮುಚ್ಚಿತು. ಪಿಂಚಣಿ ಇರಲಿಲ್ಲ. ಅರವತ್ತು ದಾಟಿದ ಮೇಲೆ ನಮ್ಮಲ್ಲಿಗೆ ಬಂದರು. ಶ್ರೀಗಂಧದ ಕಾವಲಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಜೊತೆಗೆ ಕಣ್ಣು ಕಾಣದ ಅಕ್ಕ. ಬಾಡಿಗೆ ಹೋಗುತ್ತಿದ್ದದ್ದು ಈ ಕೂಲಿಯಿಂದಲೇ. ಇದು ನಮಗೆಲ್ಲ ಗೊತ್ತಿತ್ತು.

ಹುಬ್ಬಳ್ಳಿಯ ಮಾತು, ಕೋಲಾರದ ಮಾತು, ಹಲ್ಲಿಲ್ಲದ ಅಜ್ಜಂದಿರ ಮಾತು, ಯಾವುದಿದ್ದರೂ ಆಂಟಿ ತಪ್ಪಿಲ್ಲದೆ ಬರೆಯುತ್ತಿದ್ದರು. ಆದರೂ ಅತಿ ಹೆಚ್ಚು 'ಅಸ್ಪಷ್ಟ' ಅವರದೇ.

"ಮಗಾ, ಆಂಟಿ ಕಿವಿ ತೋರಿಸ್ಕೊಂಡ್ ಬರ್ಬೇಕು ಕಣೋ. ಸ್ಪೀಕರಲ್ಲಿ ಹಾಕಿದ್ರೂ ಕೇಳ್ಸಲ್ಲ ಅಂತಾರೆ" ಎಂದು ಪಕ್ಕದ ಮಂಜ ಅವರೆದುರೇ ಅಣಕಿಸುತ್ತಿದ್ದ.

"ಹೂಂ ಕಣಪ್ಪ, ವಯಸ್ಸಾಯ್ತಲ್ಲ" ಎಂದು ಆಂಟಿ ನಕ್ಕು ಮುಂದಿನ ತುಣುಕು ತೆಗೆಯುತ್ತಿದ್ದರು.

ಬರೆದದ್ದನ್ನು ಪರೀಕ್ಷಿಸುವುದು ನನ್ನ ಕೆಲಸ. ಆ ಮಂಗಳವಾರ ಮ್ಯಾನೇಜರ್ ಆಂಟಿಯ ನಲವತ್ತೊಂದು 'ಅಸ್ಪಷ್ಟ'ಗಳನ್ನು ನನಗೆ ಕಳಿಸಿ, ಎಲ್ಲವನ್ನೂ ಕೇಳು ಎಂದರು. ಕೇಳಿದೆ. ಒಂದೊಂದೂ ಸ್ಪಷ್ಟವಾಗಿತ್ತು. ಅವುಗಳಲ್ಲಿ ಒಂದರಲ್ಲಿ ಒಬ್ಬ ಹುಡುಗಿ, ಅಪ್ಪನಿಗೆ ಗೊತ್ತಾಗಬಾರದು ಎಂದು ಯಾರಿಗೋ ಒಂದು ವಿಷಯ ಹೇಳುತ್ತಿದ್ದಳು. ನಡುವೆ ತನ್ನ ರಸ್ತೆಯ ಹೆಸರು ಹೇಳಿದಳು. ನಾನು ದಿನವೂ ದಾಟುವ ರಸ್ತೆ. ಈಗಲೂ ಅಲ್ಲಿ ಗಾಡಿ ನಿಧಾನವಾದರೆ ನಾನು ಮನೆಗಳ ಕಡೆ ನೋಡುವುದಿಲ್ಲ.

ಆಗ ನೆನಪಾಯಿತು, ಆಂಟಿ ಒಮ್ಮೊಮ್ಮೆ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕವುಚಿ ಇಟ್ಟು, ತುಣುಕು ಎಷ್ಟು ಓಡಿತೆಂದು ಪರದೆಯ ಮೇಲೆ ತೋರಿಸುವ ಗೆರೆ ಕೊನೆ ಮುಟ್ಟುವವರೆಗೆ ಸುಮ್ಮನೆ ಕೂರುತ್ತಿದ್ದದ್ದು. ಯಾಕೆಂದು ಒಮ್ಮೆ ಕೇಳಿದ್ದೆ.

"ಬೋರ್ಡಲ್ಲಿ ಲೈನ್ ಸೇರಿಸಿದ್ಮೇಲೆ ಕೀ ಅನ್ನೋ ಪುಟ್ಟ ಸ್ವಿಚ್ಚನ್ನ ಹಿಂದಕ್ಕೆ ಹಾಕ್ಬೇಕು ಕಣಪ್ಪ. ಹಾಕ್ಲಿಲ್ಲ ಅಂದ್ರೆ ಇಬ್ರ ಮಾತೂ ನಮ್ಗೆ ಕೇಳ್ತಿರುತ್ತೆ. ಹಾಕಿದ್ವೋ ಇಲ್ವೋ ಅಂತ ನೋಡೋಕೆ ಯಾರೂ ಇರಲ್ಲ."

ಬುಧವಾರ ಆ ಕೋಣೆಯಲ್ಲಿ ನಾಲ್ವರಿದ್ದೆವು. ಮ್ಯಾನೇಜರ್, ನಾನು, ನಮ್ಮ ತಂಡದ ಲೀಡ್ ಶೋಭಾ, ಆಂಟಿ. ಕುರ್ಚಿ ಎರಡೇ ಇದ್ದವು. ಆಂಟಿಗೆ ಕೂರಲು ಯಾರೂ ಹೇಳಲಿಲ್ಲ. ಮ್ಯಾನೇಜರ್ ನನ್ನನ್ನು ಕೇಳಿದರು.

"ಹೇಳಪ್ಪ, ನಲವತ್ತೊಂದೂ ಕೇಳಿದ್ಯಲ್ಲ. ಕ್ಲಿಯರ್ ಇದ್ವಾ, ಇರ್ಲಿಲ್ವಾ?"

ಇದ್ದವು ಎಂದರೆ ಆಂಟಿಯ ಕೆಲಸ ಹೋಗುತ್ತದೆ. ಇಲ್ಲ ಎಂದರೆ, ಬೇರೆ ಯಾರಾದರೂ ಕೇಳಿ ನೋಡಿದ ದಿನ ನನ್ನದು. ನಾನು ಪ್ರಿಂಟರ್ ನೋಡುತ್ತಾ ನಿಂತೆ.

"ಅವನನ್ನ ಯಾಕೆ ಕೇಳ್ತೀರಾ ಸಾರ್" ಎಂದರು ಆಂಟಿ. "ಕ್ಲಿಯರಾಗೇ ಇದ್ವು. ಅದಕ್ಕೇ ನಾನು ಬರೀಲಿಲ್ಲ."

ಮ್ಯಾನೇಜರ್ ಕೆಟ್ಟವರಲ್ಲ. ಮೇಲಿನಿಂದ ಅವರಿಗೂ ಒತ್ತಡವಿತ್ತು. "ಆಂಟಿ, ಈಗ ಬರೆದ್ಬಿಡಿ. ನಾನು ಏನೂ ಕೇಳಲ್ಲ, ಕೆಲ್ಸ ಹಾಗೇ ಇರುತ್ತೆ" ಎಂದರು.

"ಬೇರೆ ಗುಂಡಿ ಕೊಡ್ಸಿ ಸಾರ್. ಇದು ಮನೆ ಮಾತು, ಬರೆಯೋ ಹಾಗಿಲ್ಲ ಅಂತ. ಒತ್ತಿದೋರಿಗೂ ಕೂಲಿ ಕೊಡ್ಲಿ."

"ಕೆಲ್ಸ ಮಾಡ್ದೆ ಇರೋದಕ್ಕೆ ದುಡ್ಡಾ?"

"ಕೇಳಿಸ್ಕೊಳ್ದೆ ಇರೋದಕ್ಕೆ. ಕಾರ್ಖಾನೇಲಿ ನಂಗೆ ತಿಂಗಳ ಸಂಬಳ ಇತ್ತು ಸಾರ್. ಯಾರ ಮಾತು ಕದ್ದು ಕೇಳಿದ್ರೂ ಒಂದು ಪೈಸೆ ಜಾಸ್ತಿ ಬರ್ತಿರ್ಲಿಲ್ಲ. ಇಲ್ಲಿ ಇನ್ನೊಬ್ರ ಗುಟ್ಟು ಬರೆದ್ರೇನೇ ನಮ್ಮನೆ ಒಲೆ ಉರಿಯೋದು. ಹಿಂಗಿಟ್ರೆ ಯಾರು ತಾನೇ ಕೀ ಹಿಂದಕ್ಕೆ ಹಾಕ್ತಾರೆ?"

ಆಂಟಿ ಕೈಯಲ್ಲಿದ್ದ ಹೆಡ್‌ಫೋನಿನಿಂದ ಹಸಿರು ಟೊಪ್ಪಿಗಳನ್ನು ಬಿಚ್ಚಿ, ಹೆಡ್‌ಫೋನನ್ನು ಮ್ಯಾನೇಜರ್ ಮೇಜಿನ ಮೇಲೆ ಕವುಚಿ ಇಟ್ಟರು. ಟೊಪ್ಪಿಗಳನ್ನು ನನ್ನ ಕೈಗೆ ಕೊಟ್ಟರು. "ಒಗೆದು ಹಾಕ್ಕೋ" ಎಂದಷ್ಟೇ ಹೇಳಿ ಹೊರಟರು. ಅವರಿಗೆ ಬೇರೆ ಕೆಲಸ ಇರಲಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆ ನಲವತ್ತೊಂದನ್ನೂ ಬರೆಯಲು ಮಧ್ಯಾಹ್ನ ನನಗೆ ಹೇಳಿದರು. ಹತ್ತೊಂಬತ್ತನ್ನು ಬರೆದೆ. ಇದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತನೆಯದು ಆ ಹುಡುಗಿಯದು. ಹೆಡ್‌ಫೋನ್ ತೆಗೆದು ಕವುಚಿ ಇಟ್ಟೆ. ಗೆರೆ ಕೊನೆ ಮುಟ್ಟಿತು. 'ಅಸ್ಪಷ್ಟ' ಒತ್ತಿದೆ. ಉಳಿದವಕ್ಕೂ ಅದನ್ನೇ. ಶೋಭಾ ಹಿಂದೆ ನಿಂತು ನೋಡುತ್ತಿದ್ದಳು. ಆ ದಿನದ ಲೆಕ್ಕದ ಹಾಳೆಗೆ ಹಾಗೇ ಸಹಿ ಹಾಕಿದಳು. ಬರೆದ ಹತ್ತೊಂಬತ್ತನ್ನು ಮಾತ್ರ ವಾಪಸ್ ತರಲಾಗಲಿಲ್ಲ.

ಕೆಲವು ತಿಂಗಳ ಬಳಿಕ ಪರದೆಯ ಮೇಲೆ 'ಖಾಸಗಿ' ಎಂಬ ಹೊಸ ಗುಂಡಿ ಬಂತು. ಅದಕ್ಕೆ ಅರ್ಧ ಕೂಲಿ. ಆಂಟಿಯ ಮಾತಿನಿಂದಲೇ ಬಂತೆಂದು ಹೇಳಲಾರೆ; ನನಗೆ ತಿಳಿಯದು. ಅದು ಬಂದಾಗ ಅವರು ಅಲ್ಲಿರಲಿಲ್ಲ ಎಂಬುದಷ್ಟೇ ತಿಳಿದಿದೆ.

ಭಾನುವಾರ ಟೊಪ್ಪಿ ಸಿಕ್ಕ ಮೇಲೆ ಶೋಭಾಗೆ ಫೋನ್ ಮಾಡಿದೆ. ಆಂಟಿ ತೀರಿಕೊಂಡು ಎರಡು ವರ್ಷವಾಯಿತಂತೆ. ಅಕ್ಕ ಅದಕ್ಕೂ ಮೊದಲೇ. ಒಮ್ಮೆಯೂ ಶ್ರೀಗಂಧದ ಕಾವಲಿಗೆ ಹೋಗದೆ ಉಳಿದೆನಲ್ಲ... ಬಸ್ಸಿನಲ್ಲಿ ಹೋದರೆ ಅದೆಷ್ಟು ಹೊತ್ತಿನ ದಾರಿ!

ಟೊಪ್ಪಿಗಳನ್ನು ಒಗೆದು ಹಾಕಿದ್ದೇನೆ. ಮ್ಯಾನೇಜರ್ ಎಲ್ಲಿದ್ದಾರೋ ತಿಳಿಯದು. ಶೋಭಾ ಈಗ ಮಹಾಲಕ್ಷ್ಮಿ ಲೇಔಟ್‌ನಲ್ಲಿದ್ದಾಳೆ, ಮಕ್ಕಳಿಗೆ ಮನೆಪಾಠ ಹೇಳುತ್ತಾಳೆ. ಆ ಕೋಣೆಯಲ್ಲಿ ನಡೆದದ್ದನ್ನು ಅವಳೂ ಕಂಡಿದ್ದಾಳೆ, ಕೇಳಿದರೆ ಹೇಳುತ್ತಾಳೆ. ಇಪ್ಪತ್ತನೆಯ ತುಣುಕಿನಲ್ಲಿ ಏನಿತ್ತೆಂಬುದು ಬದುಕಿರುವವರಲ್ಲಿ ನನಗೂ ಆ ಹುಡುಗಿಗೂ ಅವಳು ಹೇಳಿಕೊಂಡವರಿಗೂ ಮಾತ್ರ ಗೊತ್ತು. ಅದನ್ನು ನಾನು ಹೇಳುವುದಿಲ್ಲ.