ಎಡಗೈಯ ಬರಹ ಕಲಿಸಿದ ಥಿಯೋಡೋರ್ ಸರ್

ಕತಾರಿನ ಭಾರತೀಯ ಶಾಲೆಗಳಲ್ಲಿ ಇತಿಹಾಸವನ್ನು ಇಸವಿಗಳ ಪಟ್ಟಿಯಿಂದ ಬಿಡಿಸಿ ಮನುಷ್ಯರ ಕಥೆಯಾಗಿ ಕಲಿಸಿದ ಅಧ್ಯಾಪಕರಲ್ಲಿ ಶ್ರೀ ಥಿಯೋಡೋರ್ ಮಥಾಯಸ್ ಅವರದು ಎದ್ದು ಕಾಣುವ ಹೆಸರು. ಕರಾವಳಿಯ ಶಿರ್ವದಲ್ಲಿ ಹುಟ್ಟಿ, ದೋಹಾದ ಓಲ್ಡ್ ಏರ್‌ಪೋರ್ಟ್ ಪ್ರದೇಶದ ನಮ್ಮ ಶಾಲೆಯಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯುವ ಭಾಗ್ಯ, ಹಳೆಯ ವಿದ್ಯಾರ್ಥಿನಿಯಾದ ನನ್ನದು.

ತಾಯ್ನಾಡಿಗೆ ಮರಳಿದ ಅಮೆರಿಕನ್ ಕುಟುಂಬವೊಂದು ಇಲ್ಲಿನ ಅಲ್ ಖೋರ್ ಪಟ್ಟಣದಲ್ಲಿ ಬಿಟ್ಟುಹೋದ ಪುಸ್ತಕಗಳ ನಡುವೆ ಸರ್ ಅವರಿಗೆ ಎಲೈಜಾ ವಿಟ್ಕಂಬ್ ಎಂಬ ಹತ್ತೊಂಬತ್ತನೆಯ ಶತಮಾನದ ಸೈನಿಕನ ಪತ್ರಗಳು ಸಿಕ್ಕಿದವು. ಅವನ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯುವುದೇ ಅಂದಿನಿಂದ ರಜೆಯ ದಿನಗಳಾದ ಶುಕ್ರವಾರಗಳಲ್ಲಿ ಅವರ ಕೆಲಸವಾಯಿತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಕಾರಿನ ಬಾಗಿಲಿಗೆ ಸಿಕ್ಕಿ ಬಲಗೈ ಬೆರಳುಗಳು ಜಜ್ಜಿಹೋದವು. ಬರೆಯಲಾಗದವಳಿಗೆ ಶಾಲೆಯೇಕೆಂದು ಎರಡು ತಿಂಗಳು ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನಿಂದ ಹೊರಬೀಳಲಿಲ್ಲ. ಒಂದು ಸಂಜೆ ಸರ್ ಬಂದರು. ಸಮಾಧಾನದ ಮಾತಾಡದೆ ವಿಟ್ಕಂಬನ ಕಥೆ ಹೇಳಿದರು. ಒಹಾಯೋ ರಾಜ್ಯದ ರೈತನ ಮಗನಾದ ಅವನು ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡು, ಆಸ್ಪತ್ರೆಯ ಮಂಚದ ಮೇಲೆ ಎಡಗೈಯಲ್ಲಿ ಬರೆಯಲು ಕಲಿತು, ರಾಜ್ಯದ ಶಾಸನಸಭೆಯ ಚುನಾವಣೆಯಲ್ಲಿ ಒಮ್ಮೆ ಸೋತು ಮತ್ತೆ ಗೆದ್ದನಂತೆ. ಮಡಿದ ಸೈನಿಕರ ಮಕ್ಕಳಿಗೆ ಶಾಲೆ ಬೇಕೆಂಬ ಮಸೂದೆಯನ್ನು ತಾನೇ ಬರೆದು ತಂದಾಗ, ಅಕ್ಷರ ನೋಡಿ ಎದುರಾಳಿಗಳು ನಕ್ಕರು. "ಓದಲು ಕಷ್ಟವಾದರೆ ನಾನೇ ಓದುತ್ತೇನೆ" ಎಂದು ಎದ್ದುನಿಂತು ಓದಿದ. ಮಸೂದೆ ಅಂಗೀಕಾರವಾಯಿತು.

"ನಂಗೆ ಆಗಲ್ಲ ಸರ್," ಎಂದೆ.

"ನಂಗೂ ಆಗುದಿಲ್ಲ ಮಾರಾಯ್ತಿ. ನಾಳೆಯಿಂದ ಇಬ್ರೂ ಶುರು ಮಾಡುವ, ಯಲ್ಲಾ!" ಎಂದು, 'ನಡಿ' ಎನ್ನುವ ಅರಬ್ಬಿ ಮಾತಿನಲ್ಲೇ ಹುರಿದುಂಬಿಸಿದರು.

ಮರುದಿನ ನಾನು ಶಾಲೆಗೆ ಮರಳಿದೆ. ಹೇಳಿದಂತೆಯೇ ಅಂದಿನಿಂದ ಅವರು ಬೋರ್ಡಿನ ಮೇಲೆ ಎಡಗೈಯಲ್ಲೇ ಬರೆದರು. ತರಗತಿ ನಕ್ಕಿತು, ನಕ್ಕದ್ದು ಅವರನ್ನು ನೋಡಿ, ನನ್ನನ್ನಲ್ಲ.

"ಇದೆಂತ ಸರ್, ಕಾಗೆ ಕಾಲು ಗುಬ್ಬಿ ಕಾಲು!" ಎಂದರು ಗಣಿತದ ಫ್ರೀಡಾ ಟೀಚರ್.

"ಆಶ್ರಿತಂದು ನೋಡಿ ಟೀಚರ್, ನನ್ನಿಂದ ಚಂದ ಉಂಟು!" ಎಂದು ಸರ್ ನನ್ನ ನೋಟ್‌ಬುಕ್ ಎತ್ತಿ ತೋರಿಸಿದರು.

ಮರುವರ್ಷ ಬೋರ್ಡ್ ಪರೀಕ್ಷೆಗೆ ಬರೆದುಕೊಡುವವರನ್ನು ಒದಗಿಸುತ್ತೇವೆಂದರೂ ಒಪ್ಪದೆ, ಮೂರು ಗಂಟೆ ಎಡಗೈಯಲ್ಲಿ ನಾನೇ ಬರೆದೆ. ಫಲಿತಾಂಶದ ದಿನ ಸರ್ ಸ್ಟಾಫ್‌ರೂಮಿಗೆಲ್ಲ ಲಡ್ಡು ಹಂಚಿದರು. ಇಂದು ದೋಹಾದ ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬಿಡಿಸುತ್ತಿರುವುದು ಅದೇ ಎಡಗೈ.

ಕಳೆದ ವಾರ ಅವರ ಮನೆಗೆ ಹೋದಾಗ, "ಇನ್ನಾದ್ರೂ ರೆಸ್ಟ್ ತಗೊಳ್ಳಿ ಸರ್," ಎಂದೆ.

"ರೆಸ್ಟಾ? ಪುಸ್ತಕದಲ್ಲಿ ವಿಟ್ಕಂಬನಿಗೆ ಇನ್ನೂ ಮದುವೆಯೇ ಆಗ್ಲಿಲ್ಲ!"

"ಹದಿನೈದು ವರ್ಷದಿಂದ ಹುಡುಗಿ ಕಾಯ್ತಾ ಇದ್ದಾಳೆ, ಪಾಪ," ಎಂದು ಅವರ ಪತ್ನಿ ಎಡ್ನಾ ಆಂಟಿ ನಕ್ಕರು.

ಆಂಟಿಯವರೊಡನೆ ಸರ್ ನೂರು ವರ್ಷ ಆರೋಗ್ಯದಿಂದ ಬಾಳಲಿ. ಆ ಶಾಸಕನ ಮದುವೆಯೂಟಕ್ಕೆ ಕನ್ನಡದ ಓದುಗರೆಲ್ಲರಿಗೂ ಬೇಗನೆ ಕರೆ ಬರಲಿ.